ಜೀಪು ಬಿಟ್ಟು ವಾರ್ಡಿಗೆ

ಗಾಳಿಬೀಡಿನ ಆಚೆಯ ಗುಡ್ಡದ ದಾರಿಗಳಲ್ಲಿ ನಾನು ಬಹಳ ವರ್ಷ ಪ್ರವಾಸಿಗರ ಜೀಪು ಓಡಿಸಿದವನು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಹಿಂದೆ ಕೂತವರು ಕಿರುಚಿಕೊಂಡರೆ ನನಗೆ ನಗು ಬರುತ್ತಿತ್ತು. ಹೆದರಿಕೆ ಎನ್ನುವುದು ಬೇರೆಯವರಿಗೆ ಆಗುವಂಥದ್ದು ಎಂದುಕೊಂಡಿದ್ದೆ.

ಒಂದು ಬೆಳಗ್ಗೆ ಗುಡ್ಡ ಇಳಿಯುವಾಗ ಹಿಂದಿನ ಸೀಟಿನಲ್ಲಿದ್ದ ಹಿರಿಯರೊಬ್ಬರು ಎದೆ ಹಿಡಿದುಕೊಂಡು ಮಗಳ ಮೇಲೆ ವಾಲಿದರು. "ಏನಾದ್ರೂ ಮಾಡಿ ಅಣ್ಣಾ, ಏನಾದ್ರೂ ಮಾಡಿ" ಎಂದು ಅವಳು ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು. ನನಗೆ ಗೊತ್ತಿದ್ದದ್ದು ಗಾಡಿ ಓಡಿಸುವುದೊಂದೇ. ಓಡಿಸಿದೆ. ಮಡಿಕೇರಿಯ ಆಸ್ಪತ್ರೆಯ ಮುಂದೆ ನಿಲ್ಲಿಸಿದಾಗ ನರ್ಸೊಬ್ಬರು ಸ್ಟ್ರೆಚರಿಗೂ ಕಾಯದೆ ಜೀಪಿನೊಳಗೇ ಹತ್ತಿ, ಅವರನ್ನು ಸೀಟುಗಳ ನಡುವೆ ಮಲಗಿಸಿ ಎದೆ ಒತ್ತತೊಡಗಿದರು. ಆ ಹಿರಿಯರು ಉಳಿಯಲಿಲ್ಲ. ಆದರೆ ಆ ನರ್ಸಿನ ಕೈಗಳು ನನ್ನ ಕಣ್ಣಿನಿಂದ ಹೋಗಲಿಲ್ಲ. ಅದಾದ ಮೇಲೆ ಹಿಂದೆ ಯಾರಾದರೂ ಕೆಮ್ಮಿದರೂ ನನ್ನ ಕಾಲು ಬ್ರೇಕಿಗೆ ಹೋಗುತ್ತಿತ್ತು.

ನರ್ಸಿಂಗ್ ಕೋರ್ಸಿಗೆ ಸೇರುತ್ತೇನೆ ಎಂದಾಗ ಅಮ್ಮ ಒಲೆಯ ಮುಂದಿನಿಂದ ಎದ್ದೇ ಬಂದರು. "ನಿಂಗೆ ತಲೆ ಸರಿ ಉಂಟಾ? ಈ ವಯಸ್ಸಲ್ಲಿ ಹೆಣ್ಮಕ್ಕಳ ಮಧ್ಯೆ ಕೂತು ಪಾಠ ಕೇಳ್ತೀಯಾ?"

ಹೆಂಡತಿ ಮಾತ್ರ ಬಟ್ಟೆ ಮಡಚುತ್ತಲೇ ಹೇಳಿದಳು: "ಹೋಗ್ಲಿ ಬಿಡಿ ಅತ್ತೆ. ಜೀಪಲ್ಲಿ ಕೂತು ಹೀಗೆ ಹೆದರ್ತಾ ಇರೋದಕ್ಕಿಂತ ಅದೇ ವಾಸಿ."

ಅಲ್ಲಿ ಹೆದರಿಕೆ ಕಡಿಮೆಯಾಗುತ್ತದೆ ಎಂದು ಅವಳೂ ನಂಬಿದ್ದಳು, ನಾನೂ ನಂಬಿದ್ದೆ. ಆದದ್ದು ತಿರುಗಾಮುರುಗಾ. ಕ್ಲಾಸಿನಲ್ಲಿ ಆಗಷ್ಟೇ ಪಿಯುಸಿ ಮುಗಿಸಿ ಬಂದ ಹುಡುಗಿಯರು. ಎಲ್ಲರಿಗೂ ನಾನು ಅಣ್ಣ. ಎಲುಬುಗಳ ಇಂಗ್ಲಿಷ್ ಹೆಸರು ಅವರ ಬಾಯಲ್ಲಿ ಹಾಡಿನ ಹಾಗೆ ಬರುತ್ತಿತ್ತು, ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತಿತ್ತು. ಔಷಧದ ಪ್ರಮಾಣದ ಲೆಕ್ಕ ಕಲಿಸಿದ ದಿನ, ದಶಮಾಂಶದ ಒಂದು ಚುಕ್ಕಿ ತಪ್ಪಿದರೆ ಏನಾಗುತ್ತದೆ ಎಂದು ಟೀಚರ್ ಬಿಡಿಸಿ ಹೇಳಿದರು. ಬಸ್ಸಿನಲ್ಲಿ ಮನೆಗೆ ಬರುವಷ್ಟು ಹೊತ್ತೂ ಟಿಕೆಟ್ಟಿನ ಹಿಂದೆ ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿದೆ. ಗಾಡಿ ಹತೋಟಿ ತಪ್ಪಿದರೆ ಬ್ರೇಕ್ ಇದೆ. ಮೈಯೊಳಗೆ ಹೋದ ಔಷಧವನ್ನು ಹಿಂದಕ್ಕೆ ತೆಗೆಯುವುದು ಹೇಗೆ?

ಎರಡನೇ ವರ್ಷ ಗಂಡಸರ ವಾರ್ಡಿನಲ್ಲಿ ನನಗೆ ಕೆಲಸ ಹಾಕಿದ್ದರು. ಅಲ್ಲಿಗೆ ಪಾಲಿಬೆಟ್ಟದ ಕಡೆಯ ಎಸ್ಟೇಟಿನ ಕೂಲಿಲೈನಿನಿಂದ ಒಬ್ಬ ತಮಿಳು ಕೆಲಸಗಾರನನ್ನು ತಂದರು. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ತೊಡೆಯ ಎಲುಬು ಮುರಿದಿತ್ತು. ಆಪರೇಷನ್ ಆದ ಮೇಲೆ ರಕ್ತ ಕಡಿಮೆ ಎಂದು ರಕ್ತ ಕೊಡಲು ಬರೆದರು. ವಾರ್ಡಿನ ಸಿಸ್ಟರ್ ಮತ್ತು ಡಾಕ್ಟರ್ ಚೀಲದ ಚೀಟಿಯನ್ನು ಎರಡೆರಡು ಸಲ ಓದಿ ನೋಡಿ, ಹನಿ ಶುರು ಮಾಡಿದರು.

"ನೀವು ಇಲ್ಲೇ ಇರಿ. ಮೊದಲ ಸ್ವಲ್ಪ ಹೊತ್ತು ಕಣ್ಣು ಬೇರೆ ಕಡೆ ಹೋಗಬಾರದು" ಎಂದು ಹೇಳಿ ಸಿಸ್ಟರ್ ಪಕ್ಕದ ಕೋಣೆಗೆ ಹೋದರು.

ನಾನು ಸ್ಟೂಲಿನ ಮೇಲೆ ಕೂತೆ. ಮಂಚದ ಆ ಕಡೆ ಆತನ ಹೆಂಡತಿ. ಕೆಂಪು ಹನಿ ಒಂದೊಂದಾಗಿ ಬೀಳುತ್ತಿತ್ತು. ಹನಿ ನೋಡಬೇಕೋ ಮುಖ ನೋಡಬೇಕೋ ತಿಳಿಯದೆ ಎರಡರ ನಡುವೆ ಕಣ್ಣು ಓಡಾಡಿಸುತ್ತಿದ್ದೆ. ಆಗ ಆತ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ಮೆಲ್ಲಗೆ, "ಕುಳಿರುದು ತಂಬಿ" ಎಂದ.

ತಮಿಳುನಾಡಿನಿಂದ ಬಂದ ಪ್ರವಾಸಿಗರು ಮಂಜಿನಲ್ಲಿ ಜೀಪಿನಿಂದ ಇಳಿದ ಕೂಡಲೇ ಹೇಳುತ್ತಿದ್ದ ಮಾತು ಅದು: ಚಳಿಯಾಗುತ್ತಿದೆ. ಆದರೆ ಹೊರಗೆ ಸುಡುವ ಬಿಸಿಲು. ನೋಡುತ್ತಿದ್ದ ಹಾಗೆಯೇ ಆತನ ಹಲ್ಲು ಕಟಕಟ ಎನ್ನತೊಡಗಿತು, ಮಂಚ ಅಲುಗಿತು.

"ಎಂತ ಆಯ್ತು ತಂಬಿ? ಇವರಿಗೆ ಎಂತ ಆಗ್ತಾ ಉಂಟು?" ಎಂದು ಹೆಂಡತಿ ಎದ್ದು ನಿಂತಳು.

ರಕ್ತ ಕೊಡುವಾಗ ಹೀಗಾದರೆ ಹನಿ ನಿಲ್ಲಿಸಬೇಕು ಎಂದು ಓದಿದ್ದೆ. ಆದರೆ ನಾನು ವಿದ್ಯಾರ್ಥಿ. ಡಾಕ್ಟರ್ ಬರೆದದ್ದನ್ನು ನಿಲ್ಲಿಸಲು ನಾನು ಯಾರು? ನಿಲ್ಲಿಸಿ ಏನಾದರೂ ಆದರೆ? ನಿಲ್ಲಿಸದೆ ಏನಾದರೂ ಆದರೆ? ಕೊಳವೆಯ ಮೇಲೆ ಹನಿ ಹೆಚ್ಚುಕಡಿಮೆ ಮಾಡುವ ಪುಟ್ಟ ಚಕ್ರ ಮೊದಲು ಬೆರಳಿಗೆ ಸಿಗಲಿಲ್ಲ. ಮತ್ತೆ ತಡಕಿ, ಚಕ್ರ ತಿರುಗಿಸಿ ಹನಿ ನಿಲ್ಲಿಸಿದೆ. "ಸಿಸ್ಟರ್!" ಎಂದು ಕೂಗಿದ ದನಿ ನನ್ನದೆಂದು ನನಗೇ ಅನಿಸಲಿಲ್ಲ.

ಸಿಸ್ಟರ್ ಓಡಿಬಂದರು. ರಕ್ತದ ಕೊಳವೆ ತೆಗೆದು ಸಲೈನ್ ಹಾಕಿದರು, ಡಾಕ್ಟರ್ ಇಂಜೆಕ್ಷನ್ ಕೊಟ್ಟರು. ನಾನು ಆತನ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಾ ನಿಂತಿದ್ದೆ. ಎಣಿಕೆ ಮತ್ತೆ ಮತ್ತೆ ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆ. ನಡುಕ ನಿಧಾನವಾಗಿ ಇಳಿಯಿತು. ಆತ ಕಣ್ಣು ಮುಚ್ಚಿದಾಗ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ನಿದ್ದೆ ಬಂದಿತ್ತು ಅಷ್ಟೆ.

"ರಕ್ತ ಸರಿಯಾದದ್ದೇ. ಕೆಲವರ ಮೈಗೆ ಹೀಗಾಗುತ್ತದೆ. ಬೇಗ ನಿಲ್ಲಿಸಿದ್ದು ಒಳ್ಳೆಯದಾಯ್ತು" ಎಂದರು ಡಾಕ್ಟರ್. ನಾನು ಬಾತ್‌ರೂಮಿಗೆ ಹೋಗಿ ಬೆಳಗ್ಗೆ ತಿಂದದ್ದನ್ನೆಲ್ಲ ಕಕ್ಕಿದೆ.

ಹೊರಗೆ ಬಂದಾಗ ಸಿಸ್ಟರ್ ನಿಂತಿದ್ದರು. "ಜೀಪೇ ವಾಸಿ ಇತ್ತು ಸಿಸ್ಟರ್" ಎಂದೆ.

"ಇರಬಹುದು" ಎಂದರು ಅವರು. "ಊಟ ಮಾಡಿ ಬನ್ನಿ. ನಾಳೆ ಇನ್ನೊಂದು ಚೀಲ ಕೊಡಬೇಕು, ಆಗಲೂ ನೀವೇ ಕೂರಬೇಕು."

ಮಾರನೆಯ ದಿನ ಮನೆಯಿಂದ ಹೊರಡಲು ಕಾಲೇ ಬರಲಿಲ್ಲ. ಹೆಂಡತಿ ಬಸ್‌ಸ್ಟಾಪಿನವರೆಗೆ ಜೊತೆಗೆ ನಡೆದಳು. ವಾರ್ಡಿನಲ್ಲಿ ಹೊಸ ಚೀಲ ಕಂಡು ಆತನ ಮುಖ ಬಿಳಿಚಿಕೊಂಡಿತು. ಆತನ ಹೆಂಡತಿ ಸ್ಟೂಲನ್ನು ತಾನೇ ಮಂಚದ ಹತ್ತಿರ ಎಳೆದು, "ತಂಬಿ, ನೀವು ಇಲ್ಲಿ ಕೂತ್ಕೊಳ್ಳಿ. ಎದ್ದು ಹೋಗ್ಬೇಡಿ" ಎಂದಳು.

ಕೂತೆ. ಸಿಸ್ಟರ್ ಹನಿ ಶುರು ಮಾಡಿದರು. ಈ ಸಲ ಆತನಿಗೆ ಚಳಿ ಬರಲಿಲ್ಲ. ಚೀಲ ಖಾಲಿಯಾಗುವವರೆಗೂ ನಾನು ಸ್ಟೂಲಿನಿಂದ ಏಳಲಿಲ್ಲ.