ಕೀಬೋರ್ಡಿನ ಮೇಲಿನ ಬುತ್ತಿ ಡಬ್ಬಿ

ಆ ವರ್ಷಗಳಲ್ಲಿ ಹೊಸಪೇಟೆಯ ಬಾಳೆ ಎಲೆಗಳ ಮೇಲೂ ಕೆಂಪು ಧೂಳು ಕೂರುತ್ತಿತ್ತು. ನಮ್ಮ ಕಚೇರಿ ಕಾಲುವೆಯ ಹತ್ತಿರ, ಮೊದಲ ಮಹಡಿಯಲ್ಲಿತ್ತು. ಬೆಳಿಗ್ಗೆ ಬಂದವಳು ಮೊದಲು ಕಂಪ್ಯೂಟರಿನ ಪರದೆ ಒರೆಸುತ್ತಿದ್ದೆ. ಗಣಿಗಳಲ್ಲಿ ಅದಿರಿನ ಲಾರಿ ತೂಗುವ ವೇಬ್ರಿಡ್ಜ್‌ಗಳಿಗೆ ನಮ್ಮವರು ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದರು. ಅದನ್ನು ಬಳಸುವ ಬಗೆಯನ್ನು ಕನ್ನಡದಲ್ಲಿ ಬರೆದಿಡುವುದು ನನ್ನ ಕೆಲಸ. ವಿಶ್ವವಿದ್ಯಾಲಯದಿಂದ ಹೊರಬಂದ ಮೇಲೆ ಸಿಕ್ಕ ಮೊದಲ ಕೆಲಸ. ಯಾರೊಂದಿಗೂ ಹೆಚ್ಚು ಮಾತಾಡಬೇಕಾಗಿಲ್ಲ ಎಂಬುದೇ ಅದರಲ್ಲಿ ನನಗೆ ಹಿಡಿಸಿತ್ತು.

ಬರೆಯುತ್ತಿದ್ದುದು ಇಂಟರ್ನೆಟ್ಟಿನಲ್ಲಿ ತೆರೆಯುವ ಒಂದು ಎಡಿಟರ್‌ನಲ್ಲಿ. ಅಲ್ಲಿ ಸುಮ್ಮನೆ ಬರೆದುಕೊಂಡು ಹೋಗುವಂತಿಲ್ಲ. ಪ್ರತಿ ಸಾಲಿಗೂ ಅದು ಏನೆಂದು ಹೇಳುವ ಟ್ಯಾಗ್ ಹಾಕಬೇಕು: ಇದು ಶೀರ್ಷಿಕೆ, ಇದು ಹಂತ, ಇದು ಎಚ್ಚರಿಕೆ. ತೆರೆದ ಟ್ಯಾಗನ್ನು ಮುಚ್ಚಬೇಕು. ಎಚ್ಚರಿಕೆ ಹಂತದ ಒಳಗೇ ಇರಬೇಕು. ಹೊರಗಿಟ್ಟರೆ ಪುಟ ಸೇವ್ ಆಗುವುದೇ ಇಲ್ಲ. ಮಧ್ಯಾಹ್ನದ ಸೆಕೆಯಲ್ಲಿ ಅದನ್ನೇ ನೋಡುತ್ತ ಕೂತರೆ ಕೋಣೆಯೊಳಗೊಂದು ಕೋಣೆ, ಅದರೊಳಗೆ ಇನ್ನೊಂದು, ನಾನು ಒಂದೊಂದೇ ಬಾಗಿಲು ಮುಚ್ಚುತ್ತ ಹೊರಗೆ ಬರುತ್ತಿರುವಂತೆ ಅನಿಸುತ್ತಿತ್ತು.

ಅವೇ ಪುಟಗಳನ್ನು ಸಂಡೂರು ಕಡೆಯ ಯಶವಂತನಗರದ ಹತ್ತಿರದ ಒಂದು ವೇಬ್ರಿಡ್ಜ್‌ನ ಆಪರೇಟರ್ ಕೂಡ ತಿದ್ದಬಹುದಿತ್ತು. ಕೆಲಸ ಗೊತ್ತಿರುವವರೂ ಬರೆಯಲಿ ಎಂದು ನಮ್ಮ ಸರ್ ಅವರಿಗೆ ಪಾಸ್‌ವರ್ಡ್ ಕೊಟ್ಟಿದ್ದರು. ಅವರನ್ನು ನಾನು ಎಂದೂ ನೋಡಿರಲಿಲ್ಲ. ಬೆಳಿಗ್ಗೆ ಪುಟ ತೆರೆದರೆ ನಿನ್ನೆ ಇಲ್ಲದ ಸಾಲೊಂದು ಇರುತ್ತಿತ್ತು, ನಾನಿಲ್ಲದಾಗ ಯಾರೋ ಮನೆಗೆ ಬಂದು ನೀರು ಕುಡಿದು ಚೊಂಬನ್ನು ಬೇರೆ ಕಡೆ ಇಟ್ಟು ಹೋದ ಹಾಗೆ.

ಹಾಗೆ ಬಂದ ಸಾಲುಗಳಲ್ಲಿ ಇದೊಂದು: ‘ಕೀಬೋರ್ಡಿನ ಮೇಲೆ ಬುತ್ತಿ ಡಬ್ಬಿ ಇದ್ದರೆ ಏನೂ ಒತ್ತಬೇಡಿ.’ ‘ಲಾರಿ ತೂಗುವುದು’ ಎಂಬ ಪುಟದ ಶೀರ್ಷಿಕೆಯೊಳಗೇ ಅದನ್ನು ತುರುಕಿದ್ದರು. ನನಗೆ ನಗು ಬಂತು. ಸಾಲನ್ನು ‘ಉಪಕರಣಗಳ ಕಾಳಜಿ’ ಪುಟಕ್ಕೆ ಒಯ್ದು ನೆಟ್ಟಗೆ ಮಾಡಿದೆ: ‘ಕೀಬೋರ್ಡಿನ ಮೇಲೆ ಊಟದ ಡಬ್ಬಿ ಇಡಬಾರದು. ಇದ್ದರೆ ತೆಗೆದಿಡಿ.’ ತಿದ್ದಿದ್ದು ಯಾಕೆಂದು ಬರೆಯಲು ಒಂದು ಖಾನೆ ಇರುತ್ತದೆ. ಅದರಲ್ಲಿ ‘ವಿಷಯಕ್ಕೆ ತಕ್ಕ ಪುಟಕ್ಕೆ ಸೇರಿಸಿದೆ’ ಎಂದು ಬರೆದೆ.

ಮರುದಿನ ಅವರ ಸಾಲು ಮತ್ತೆ ಅಲ್ಲೇ ಇತ್ತು. ತೆಗೆದೆ. ಮತ್ತೆ ಬಂತು. ಅವರು ಎಂದೂ ತುಂಬದ ಆ ಖಾನೆಯಲ್ಲಿ ಶನಿವಾರ ಮಧ್ಯಾಹ್ನ ಮೂರು ಪದಗಳಿದ್ದವು: ‘ಆಕಿ ಕೆಳಗ ಇರ್ತಾಳ.’

ಯಾರು? ಯಾವುದರ ಕೆಳಗೆ? ಸರ್ ಹತ್ತಿರ ನಂಬರ್ ಕೇಳಿ ಅವರಿಗೆ ಫೋನ್ ಮಾಡಿದೆ.

“ಓ, ನೀವೇನ್ರಿ ಮೇಡಂ! ನಾ ಬರೀತೀನಿ, ನೀವು ಅಳಿಸ್ತೀರಿ. ಮಸ್ತ್ ಆಟ ಹಚ್ಚೀರಿ ಬಿಡ್ರಿ.”

“ಕೆಳಗೆ ಯಾರಿರ್ತಾರೆ?”

“ಮಣ್ಣು ತಗಿಯಾಕಿ. ತೂಕದ ಹಲಗಿ ಕೆಳಗ ಗುಂಡಿ ಐತಲ್ರಿ, ಅದರಾಗ ಅದಿರಿನ ಮಣ್ಣು ತುಂಬತೈತಿ. ಇಳಿಯಾಕ ಮೊದ್ಲು ಆಕಿ ತನ್ನ ಬುತ್ತಿ ತಂದು ಕೀಬೋರ್ಡಿನ ಮ್ಯಾಲೆ ಇಡ್ತಾಳ. ಅದು ಇದ್ರ ನಾ ಕೀ ಒತ್ತಿ ಹಸಿರು ದೀಪ ಹಾಕಂಗಿಲ್ಲ. ಹಾಕಿದ್ರ ಲಾರಿ ಹತ್ತತೈತಿ. ಆಕಿ ಕೈ ಹಲಗಿ ಸಂದ್ಯಾಗ ಇರ್ತಾವ್ರಿ.”

ನಾನು ‘ಉಪಕರಣಗಳ ಕಾಳಜಿ’ ಪುಟ ತೆರೆದೆ. ಅವರೇ ಮುಂದುವರಿಸಿದರು. “ಸೋಮಾರದಿಂದ ನಾ ಬ್ಯಾರೆ ಕಡಿ ಹೊಂಟೀನಿ. ಇಲ್ಲಿ ಬರೋರು ಮೆಟ್ರಿಯವ್ರು, ಭಾಳ ಶಿಸ್ತಿನ ಮನಿಷ್ಯಾ. ಹೇಳೀನಿ. ‘ಹಾಳ್ಯಾಗ ತಗದಿಡ್ರಿ ಅಂತ ಐತಲ್ಲ’ ಅಂತಾರ. ನಿಮ್ಮ ಆ ಹಾಳಿ ಅಚ್ಚು ತಗದು ಗ್ವಾಡಿಗೆ ಅಂಟಿಸ್ಯಾರ್ರಿ.”

ಎಡಿಟರ್‌ನಲ್ಲಿ ಹಳೆಯ ಪ್ರತಿಗೆ ಹಿಂತಿರುಗಲು ಒಂದು ಕ್ಲಿಕ್ ಸಾಕು. ಗೋಡೆಗೆ ಅಂಟಿಸಿದ ಹಾಳೆಗೆ ಆ ಅನುಕೂಲವಿಲ್ಲ. ಎಚ್ಚರಿಕೆ ಒಂಟಿಯಾಗಿ ನಿಲ್ಲುವಂತಿಲ್ಲವಲ್ಲ, ಅದಕ್ಕೆಂದೇ ‘ಲಾರಿ ತೂಗುವುದು’ ಪುಟದಲ್ಲಿ ಒಂದು ಹಂತ ಮಾಡಿದೆ. ಹಂತ ಒಂದು: ‘ಕೀಬೋರ್ಡ್ ನೋಡಿ.’ ಅದರೊಳಗೆ ಎಚ್ಚರಿಕೆ: ‘ಬುತ್ತಿ ಡಬ್ಬಿ ಇದ್ದರೆ ಕಾಯಿರಿ.’ ಅಚ್ಚು ಹಾಕಿಸಿಕೊಂಡು ಸೋಮವಾರ ಮೊದಲ ಬಸ್ಸು ಹತ್ತಿದೆ.

ಸಂಡೂರಿನ ಗುಡ್ಡಗಳ ಮೇಲೆ ಮಂಜೋ ಧೂಳೋ ತಿಳಿಯದಂಥ ಬೆಳಕು. ಎದುರು ಬಂದ ಲಾರಿಗಳು ಅದರೊಳಗಿಂದ ಸದ್ದಿಲ್ಲದೆ ಮೂಡಿ, ಪಕ್ಕಕ್ಕೆ ಬಂದಾಗ ಮಾತ್ರ ಗದ್ದಲವಾಗುತ್ತಿದ್ದವು. ತೆರೆದು ಮುಚ್ಚುವ ಟ್ಯಾಗುಗಳು ಕಣ್ಣೊಳಗೆ ತೇಲುತ್ತಿದ್ದವು. ಯಾವುದನ್ನೋ ಮುಚ್ಚದೆ ಬಂದಿದ್ದೇನೆ ಅನಿಸುತ್ತಿತ್ತು.

ವೇಬ್ರಿಡ್ಜ್‌ನ ಕೋಣೆಯ ಬಾಗಿಲು ತೆರೆದೇ ಇತ್ತು. ಹೊರಗೆ ಲಾರಿಗಳ ಸಾಲು, ಕೆಂಪು ದೀಪ. ಒಳಗೆ ಇಸ್ತ್ರಿಯ ಅಂಗಿಯ ಹೊಸ ಆಪರೇಟರ್ ಗೋಡೆಯ ಹಾಳೆಯನ್ನು ಓದುತ್ತಿದ್ದರು. ಕೀಬೋರ್ಡಿನ ಮೇಲೆ ನೆಗ್ಗಿದ ಅಲ್ಯೂಮಿನಿಯಂ ಡಬ್ಬಿ. ಓದಿ ಮುಗಿಸಿದವರು, ದೇವರ ಮುಂದಿನ ದೀಪ ಸರಿಸುವಷ್ಟು ಮೆಲ್ಲಗೆ, ಎರಡೂ ಕೈ ಅದರತ್ತ ಚಾಚಿದರು.

“ಬ್ಯಾಡ್ರಿ! ಮುಟ್ಟಬ್ಯಾಡ್ರಿ!”

ಆ ದನಿ ನನ್ನದೆಂದು ನನಗೇ ತಡವಾಗಿ ತಿಳಿಯಿತು.

“ಯಾರ್ರಿ ನೀವು? ತಗದಿಡ್ರಿ ಅಂತ ಇಲ್ಲಿ ಬರದಾರ, ನೋಡ್ರಿ.”

“ಬರದಾಕಿ ನಾನಽ. ತಪ್ಪು ಬರದೀನಿ.”

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಹೊರಗಿನಿಂದ ಡ್ರೈವರೊಬ್ಬ “ಏ, ಜಲ್ದಿ ದೀಪ ಹಾಕ್ರಲೇ, ಇಲ್ಲೇ ಮುದುಕ ಆಗ್ತೀನಿ!” ಎಂದು ಕೂಗಿದ. ನಾವಿಬ್ಬರೂ ಡಬ್ಬಿಯ ಮುಂದೆ ಕಾಯುತ್ತ ನಿಂತಿದ್ದೆವು. ಹಲಗೆಯ ಕೆಳಗಿನಿಂದ ಸಲಿಕೆ ಕೆರೆಯುವ ಸದ್ದು ಬರುತ್ತಿತ್ತು. ಒಮ್ಮೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಅದು ನಿಂತಾಗಲೆಲ್ಲ ನಾನು ಬಾಗಿಲಾಚೆ ಇಣುಕುತ್ತಿದ್ದೆ.

ಎಷ್ಟೋ ಹೊತ್ತಿನ ಮೇಲೆ ಆಕೆ ಬಂದರು. ಮೊಣಕೈವರೆಗೆ ಕೆಂಪು, ರೆಪ್ಪೆಗಳೂ ಕೆಂಪು. ಹೊಸಬರು ನನ್ನನ್ನು ತೋರಿಸಿ, “ಆ ಹಾಳಿ ಇವರಽ ಬರದಿದ್ದಂತ” ಎಂದರು.

“ನನ್ನ ಬುತ್ತಿ ಎತ್ತಿಡು ಅಂದಾಕಿ ನೀನೇನವ್ವಾ? ಅದರಾಗ ಬರೇ ರೊಟ್ಟಿ ಐತಿ ಅನ್ಕೊಂಡಿದ್ದೇನು?” ಎಂದು ನಕ್ಕರು. ಆಮೇಲೆ, “ಈಗೇನ ಬರದೀ, ಓದು.”

ಓದಿದೆ.

“ಅಷ್ಟು ಸಾಲದು. ಡಬ್ಬಿ ನಾನಽ ತಗೀಬೇಕು, ಬ್ಯಾರೆ ಯಾರೂ ಮುಟ್ಟಂಗಿಲ್ಲ. ಹಂಗ ಬರಿ.”

ಕೈ ತೊಳೆದು ಬಂದು ಡಬ್ಬಿ ಎತ್ತಿಕೊಂಡರು. ನಾನು ಅದೇ ಕಂಪ್ಯೂಟರಿನಲ್ಲಿ ಪುಟ ತೆರೆದೆ. ಹಂತ ಒಂದರ ಒಳಗೆ ಆಕೆ ಹೇಳಿದ ಮಾತು ಬರೆದು ಟ್ಯಾಗ್ ಮುಚ್ಚಿದೆ. ಯಾಕೆ ತಿದ್ದಿದ್ದು ಎಂಬ ಖಾನೆಯಲ್ಲಿ ‘ಆಕಿ ಕೆಳಗ ಇರ್ತಾಳ’ ಎಂದು ಬರೆದೆ. ಗೋಡೆಯ ಹಾಳೆ ಕಿತ್ತು, ತಂದ ಹಾಳೆಯಲ್ಲಿ ಅದೇ ಮಾತನ್ನು ಪೆನ್ನಿನಿಂದ ಸೇರಿಸಿ ಅಂಟಿಸಿದೆ. ಹೊಸಬರು ಅದನ್ನು ಎರಡು ಸಲ ಓದಿದರು. ಖಾಲಿ ಕೀಬೋರ್ಡ್ ನೋಡಿದರು. ಬಾಗಿಲಾಚೆ ಮೆಟ್ಟಿಲ ಮೇಲೆ ರೊಟ್ಟಿ ಮುರಿಯುತ್ತಿದ್ದ ಆಕೆಯನ್ನೂ ನೋಡಿದರು. ಆಮೇಲೆ ಕೀ ಒತ್ತಿದರು. ಲಾರಿ ಹಲಗೆ ಹತ್ತಿತು; ನಾವು ನಿಂತ ನೆಲ ಒಮ್ಮೆ ಮೆಲ್ಲಗೆ ನಡುಗಿತು.