ಮಾವನ ದೋಣಿ ಗಾಡಿ

ನಮ್ಮ ಸೋದರಮಾವ ವಕೀಲ ಶೇಷಾದ್ರಿ ಗಟ್ಟಿಯಾಗಿ ನಕ್ಕರೆಂದರೆ, ಎದುರಿಗಿದ್ದವರಲ್ಲಿ ಯಾರದೋ ಮಾನ ಹೋಯಿತೆಂದೇ ಅರ್ಥ. ಚಾಮರಾಜಪುರಂನ ಅವರ ಮನೆಯ ಜಗಲಿಯಲ್ಲಿ ಸಂಜೆ ಹತ್ತು ಜನ ಸೇರುತ್ತಿದ್ದರು. ಉಗ್ಗುವ ಗುಮಾಸ್ತನನ್ನು ಕರೆದು, "ನಿಮ್ಮ ಅತ್ತೆಮನೆ ಯಾವೂರ್ರೀ?" ಎಂದು ವಾರಕ್ಕೊಮ್ಮೆಯಾದರೂ ಕೇಳುವರು. ಆತ "ಪಿ... ಪಿ..." ಎಂದು ಬೆವರುತ್ತಿದ್ದರೆ, "ಇವರು ಪಿರಿಯಾಪಟ್ಟಣ ಅನ್ನೋದರೊಳಗೆ ಬಸ್ಸು ಅಲ್ಲಿಗೆ ಹೋಗಿ ವಾಪಸ್ಸು ಬಂದಿರತ್ತೆ ಕಣ್ರೀ" ಎನ್ನುವರು. ನಾವೆಲ್ಲ ನಗುತ್ತಿದ್ದೆವು. ಅದೇ ಮಾವ, ನನಗೆ ಟೈಫಾಯಿಡ್ ಆದಾಗ ಮೂರು ವಾರ ಹಾಸಿಗೆಯ ಪಕ್ಕ ಬಿಟ್ಟು ಏಳಲಿಲ್ಲ. ಕಾಲೇಜಿನಲ್ಲಿ ನನಗೆ ಕೆಲಸ ಸಿಕ್ಕಿದ್ದೂ ಅವರ ಮಾತಿನಿಂದಲೇ.

ಸ್ವಾತಂತ್ರ್ಯ ಬಂದ ಮರುವರ್ಷ, ಸೀಮೆಗೆ ವಾಪಸ್ಸು ಹೊರಟಿದ್ದ ಕಾಫಿ ತೋಟದ ಬಿಳಿ ದೊರೆಯೊಬ್ಬರಿಂದ ಮಾವ ಮರದ ದೋಣಿಯೊಂದನ್ನು ಕೊಂಡರು. ಕನ್ನಂಬಾಡಿಯ ಹಿನ್ನೀರಿಗೆ ಅದನ್ನು ಎತ್ತಿನ ಗಾಡಿಯಲ್ಲಿ ಸಾಗಿಸಲು ಇಡೀ ದಿನ ಹಿಡಿಯಿತು. ತಮ್ಮ ಜೀಪಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಬೇಕೆಂದು ಲಷ್ಕರ್ ಮೊಹಲ್ಲಾದಲ್ಲಿ ಕಬ್ಬಿಣದ ಕೆಲಸ ಮಾಡುತ್ತಿದ್ದ ಚಿಕ್ಕಣ್ಣನ ಹತ್ತಿರ ಹೋದೆವು. ಅಂಗಡಿ ಮುಂದೆ ಮಿಲಿಟರಿಯವರು ಮಾರಿದ ಹಳೆಯ ಟ್ರೇಲರೊಂದು ನಿಂತಿತ್ತು. ಮಾವ ಅದನ್ನೇ ಕೇಳಿದರು.

"ಅದು ಗಿಡ್ಡ ಆಯ್ತದೆ ಸ್ವಾಮಿ, ಅರ್ಧ ದೋಣಿ ಆಚೆಗೇ ನಿಂತ್ಕತದೆ," ಎಂದ ಚಿಕ್ಕಣ್ಣ, ತಾನೇ ಉದ್ದದ್ದೊಂದನ್ನು ಮಾಡಿಕೊಟ್ಟ.

ಹಿನ್ನೀರಿಗೆ ಹೊರಡುವ ದಿನ ಬೆಳಿಗ್ಗೆ ಟ್ರೇಲರನ್ನು ಜೀಪಿಗೆ ಜೋಡಿಸಿಕೊಡಲು ಅವನೂ ಬಂದಿದ್ದ. ಮಾವ ಹಂಡೆ, ಪಾತ್ರೆ, ಜಮಖಾನಗಳನ್ನೆಲ್ಲ ದೋಣಿಯ ಹಿಂತುದಿಗೆ ಹೇರಿಸಿದರು. ಚಿಕ್ಕಣ್ಣ ಕೈ ಮುಗಿದ.

"ತೂಕ ಮುಂದಕ್ಕಿರ್ಬೇಕು ಸ್ವಾಮಿ. ಇಂದಕ್ಕೆ ಜಗ್ಗುದ್ರೆ ಗಾಡಿ ಬಾಲ ಆಡುಸ್ಬುಡ್ತದೆ."

"ಮುಂದೆ ತೂಕ ಬೇಕೇನೋ? ಹಾಗಾದ್ರೆ ನೀನೇ ಹತ್ತಿ ಕೂತ್ಕೋ!"

ಚಿಕ್ಕಣ್ಣ ಹಿಂಜರಿದ. ಜೊತೆಗೆ ಹೊರಟಿದ್ದ ಜಗಲಿಯ ಗೆಳೆಯರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವನು ಹತ್ತಿ, ದೋಣಿಯ ಮೂತಿಯ ಹತ್ತಿರ ಮುದುರಿ ಕೂತ.

ಇಳಿಜಾರಿನಲ್ಲಿ ಟ್ರೇಲರ್ ಓಲಾಡತೊಡಗಿತು. "ನಿಧಾನ ಸ್ವಾಮೀ!" ಎಂದು ಚಿಕ್ಕಣ್ಣ ಕೂಗಿದ. ಅವನ ಮುಖ ನೋಡಿ ಮಾವನಿಗೆ ಹುರುಪು ಬಂತು. ಜೀಪನ್ನು ಇನ್ನಷ್ಟು ಜೋರಾಗಿ ಬಿಟ್ಟರು. ಪಕ್ಕದಲ್ಲೇ ಕೂತಿದ್ದ ನಾನು ಜೀಪಿನ ಸರಳು ಹಿಡಿದುಕೊಂಡೆ. ಟ್ರೇಲರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಿ, ಕೊಕ್ಕೆ ಕಿತ್ತುಕೊಂಡು ಮಗುಚಿತು.

ಚಿಕ್ಕಣ್ಣನ ಬಲಗಾಲು ಕಬ್ಬಿಣದಡಿ ಸಿಕ್ಕಿತ್ತು. ಅವನ ಕೂಗು ಇನ್ನೂ ನಿಂತಿರಲಿಲ್ಲ. ಮಾವ ದೋಣಿಯ ಹಲಗೆಯ ಮೇಲೆ ಕೈಯಾಡಿಸಿ, "ಸದ್ಯ, ಬಿರುಕು ಬಿಟ್ಟಿಲ್ಲ ಕಣೋ," ಎಂದರು.

ಆಸ್ಪತ್ರೆಯಲ್ಲಿ ಆ ಕಾಲನ್ನು ಮೊಣಕಾಲಿನಿಂದ ಕೆಳಗೆ ತೆಗೆದರು. ವಿಚಾರಣೆಗೆ ಪೊಲೀಸಿನವರು ಬರುವ ಮೊದಲು ಮಾವ ನನ್ನ ಹೆಗಲ ಮೇಲೆ ಕೈಯಿಟ್ಟರು. "ಬೆಸುಗೆ ಬಿಟ್ಕೊಂಡ್ತು, ಬೇಡ ಅಂದ್ರೂ ಅವನೇ ಹತ್ತಿದ. ಅಷ್ಟು ಹೇಳಿದ್ರೆ ಸಾಕು." ನಾನು ಅಷ್ಟೇ ಹೇಳಿದೆ. ಚಪ್ಪಾಳೆ ತಟ್ಟಿದವರೂ ಅದನ್ನೇ ಅಂದರು. ಬೆಸುಗೆ ನಿಲ್ಲದ ಚಿಕ್ಕಣ್ಣನಿಗೆ ಆಮೇಲೆ ಯಾರೂ ಕೆಲಸ ಕೊಡಲಿಲ್ಲ. ಅಂಗಡಿ ಮುಚ್ಚಿತು. ಟ್ರೇಲರನ್ನು ಮಾವ ಬೇರೆಯವರಿಂದ ರಿಪೇರಿ ಮಾಡಿಸಿ, ಅಂಗಳದಲ್ಲಿಟ್ಟುಕೊಂಡು ವರ್ಷವರ್ಷವೂ ಬಣ್ಣ ಹೊಡೆಸಿದರು. ಬಂದವರಿಗೆ ತೋರಿಸಿ, "ಕುಂಟ ಮಾಡಿದ ಗಾಡಿ, ಆದ್ರೂ ಕುಂಟಲ್ಲ ನೋಡಿ," ಎನ್ನುವರು.

ಹತ್ತಾರು ವರ್ಷದ ಮೇಲೆ ಮಾವ ಊಟ ಮಾಡಿ ಮಲಗಿದವರು ಸುಖವಾಗಿ ಹೋಗಿಬಿಟ್ಟರು. ಮರುವಾರ ನಾನು ಚಿಕ್ಕಣ್ಣನನ್ನು ಹುಡುಕಿಕೊಂಡು ಹೋದೆ. ಮನೆ ಬಾಗಿಲಲ್ಲಿ ಕೂತು ಬೀಡಿ ಕಟ್ಟುತ್ತಿದ್ದ. "ಅವತ್ತು ನಾನು ಸುಳ್ಳು ಹೇಳಿದೆ," ಎಂದೆ.

"ನಂಗೊತ್ತು ಸ್ವಾಮಿ," ಎಂದ, ತಲೆಯೆತ್ತದೆ. "ನನ್ನತ್ರ ಯಾಕ್ ಏಳ್ತೀರಿ? ನಂಬ್ದೋರತ್ರ ಏಳಿ."

ಮಾವನ ವೈಕುಂಠ ಸಮಾರಾಧನೆಗೆ, ಆ ಸುಳ್ಳನ್ನು ನಂಬಿದ್ದವರೆಲ್ಲ ಬಂದಿದ್ದರು. ಪಂಕ್ತಿಯಲ್ಲಿ ಪಕ್ಕದವರೊಬ್ಬರು ನಿಟ್ಟುಸಿರಿಟ್ಟು, "ಎಂಥಾ ದೊಡ್ಡ ಮನುಷ್ಯ! ಆ ಕುಂಟನ ಮೇಲೆ ಒಂದು ಕೇಸೂ ಹಾಕಲಿಲ್ಲ," ಎಂದರು.

"ಹೌದು," ಎಂದೆ. ಬಡಿಸುವವನು ಎಲೆಗೆ ಇನ್ನೊಂದು ಹೋಳಿಗೆ ಹಾಕಿದ. ಬೇಡ ಎನ್ನಲಿಲ್ಲ.