ಯಲಹಂಕ ಕಾಪಿಯ ವೇಗ

ಇಲಿಯಾಸ್ ಭಾಯ್ ಬಾರಿಸಿದ ಸಂಗೀತವನ್ನು ಕೆಡಿಸಿದವನು ನಾನು. ಬೇಕೆಂದೇ ಕೆಡಿಸಿದೆನೋ, ಯಂತ್ರದ ದೋಷದಿಂದ ಕೆಟ್ಟಿತೋ — ಇವತ್ತಿಗೂ ಖಚಿತವಾಗಿ ಹೇಳಲಾರೆ. ಒಂದು ನೆನಪಿನಲ್ಲಿ ನಾನು ಟೇಪ್‌ರೆಕಾರ್ಡರಿನ ಹಿಂಬದಿ ಬಿಚ್ಚಿ, ಮೋಟಾರಿನಲ್ಲಿರುವ ತೂತಿನೊಳಗೆ ಸಣ್ಣ ಸ್ಕ್ರೂಡ್ರೈವರ್ ಇಟ್ಟು ತಿರುಗಿಸುತ್ತಿದ್ದೇನೆ. ಇನ್ನೊಂದು ನೆನಪಿನಲ್ಲಿ ನಾನು ಏನೂ ಮಾಡಿಲ್ಲ, ರೆಕಾರ್ಡ್ ಆಗುವ ಕಡೆಯ ಬೆಲ್ಟ್ ಸಡಿಲವಾಗಿದೆ ಅಷ್ಟೆ. ಎರಡೂ ನೆನಪುಗಳು ಅಷ್ಟೇ ಸ್ಪಷ್ಟ. ನೆನಪನ್ನು ಸಾಕ್ಷಿಯೆಂದು ಒಪ್ಪಬಾರದು ಎಂದು ಎಂಎಸ್ಸಿಯಲ್ಲಿ ಕಲಿತೆ. ಆಮೇಲೆ ಆ ಪಾಠದ ಹಿಂದೆಯೇ ವರ್ಷಗಟ್ಟಲೆ ಅಡಗಿಕೊಂಡೆ.

ಆದರೆ ಕಳೆದ ವರ್ಷ ಒಂದು ಮಧ್ಯಾಹ್ನ ನಾನು ಆಡಿದ ಒಂದು ಮಾತಿದೆ. ಅದರ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.

ಇಲಿಯಾಸ್ ಭಾಯ್ ಆರ್.ಟಿ. ನಗರದವರು. ಒಂದು ಕಾಲದಲ್ಲಿ ಈ ಊರಿನ ಕಾಲೇಜು ಹಬ್ಬಗಳಲ್ಲಿ ಅವರ ರಾಕ್ ಬ್ಯಾಂಡ್ ಬಾರಿಸುತ್ತದೆಂದರೆ ಜನ ಗೋಡೆ ಹಾರಿ ಬರುತ್ತಿದ್ದರು. ಅವರು ಜೀವಮಾನದಲ್ಲಿ ಸಂಗೀತ ಕೊಟ್ಟದ್ದು ಒಂದೇ ಕನ್ನಡ ಚಿತ್ರಕ್ಕೆ. ಹಾಡಿಲ್ಲ, ಬರೀ ಗಿಟಾರು, ಡ್ರಮ್ಮು. ಚಿತ್ರ ತೆರೆಗೆ ಬರಲೇ ಇಲ್ಲ. ಧ್ವನಿಸುರುಳಿಯೂ ಮಾರುಕಟ್ಟೆಗೆ ಬರಲಿಲ್ಲ. ಮಾದರಿಗೆಂದು ಮಾಡಿದ್ದ ಕ್ಯಾಸೆಟ್‌ಗಳಲ್ಲಿ ಒಂದು ಅವರ ಬಳಿ ಉಳಿದಿತ್ತು. ನಾನಾಗ ಯಲಹಂಕದಲ್ಲಿ ಬಾಡಿಗೆ ರೂಮಿನಲ್ಲಿದ್ದ ವಿದ್ಯಾರ್ಥಿ. ನನ್ನ ಬಳಿ ಎರಡು ಕ್ಯಾಸೆಟ್ ಹಿಡಿಯುವ ಟೇಪ್‌ರೆಕಾರ್ಡರ್ ಇತ್ತು. ಕಾಡಿಬೇಡಿ ಆ ಕ್ಯಾಸೆಟ್ ತಂದೆ.

"ಕಾಪಿ ಮಾಡ್ಕೋ ಮಗಾ. ನನ್ ಮಾನ ಮಾತ್ರ ಕಳೀಬೇಡ," ಅಂದಿದ್ದರು ನಗುತ್ತಾ.

ನನ್ನಲ್ಲಿದ್ದ ಖಾಲಿ ಕ್ಯಾಸೆಟ್ಟಿನ ಒಂದು ಬದಿಯಲ್ಲಿ ಅರ್ಧ ಗಂಟೆಯಷ್ಟು ಹಿಡಿಸುತ್ತಿತ್ತು. ಸಂಗೀತ ಅದಕ್ಕಿಂತ ತುಸು ಉದ್ದ. ಕೊನೆಯ ತುಣುಕು ಅರ್ಧಕ್ಕೇ ಕತ್ತರಿಸಿಹೋಗುತ್ತಿತ್ತು. ಆ ದಿನಗಳಲ್ಲಿ ನಮ್ಮಂಥವರೆಲ್ಲ ಒಂದು ಉಪಾಯ ಮಾಡುತ್ತಿದ್ದೆವು — ಮೂಲ ಕ್ಯಾಸೆಟ್ ಸ್ವಲ್ಪ ಜೋರಾಗಿ ತಿರುಗುವಂತೆ ಮೋಟಾರಿನ ಸ್ಕ್ರೂ ತಿರುಗಿಸುವುದು. ಒಂದು ಕೂದಲೆಳೆಯಷ್ಟು. ಯಾರಿಗೆ ಗೊತ್ತಾಗುತ್ತದೆ? ನಾನು ಅದನ್ನು ಹಿಂದೆ ಬೇರೆ ಕ್ಯಾಸೆಟ್‌ಗಳಿಗೆ ಮಾಡಿದ್ದೆ. ಇದಕ್ಕೂ ಮಾಡಿದೆನೇ? ಮಾಡಿರಬೇಕು. ಏಕೆಂದರೆ ಇಡೀ ಸಂಗೀತ ಒಂದೇ ಬದಿಯಲ್ಲಿ ಕೂತಿತು. ಬೆಲ್ಟ್ ಸಡಿಲವಿದ್ದರೂ ಹಾಗೇ ಕೂರುತ್ತಿತ್ತು ಎಂದು... ನೋಡಿ, ಮತ್ತೆ ಅಡಗಿಕೊಳ್ಳುತ್ತಿದ್ದೇನೆ.

ಮೂಲ ಕ್ಯಾಸೆಟ್ಟನ್ನು ಜೋಪಾನವಾಗಿ ಹಿಂದಿರುಗಿಸಿದೆ. ಕೆಲವು ವರ್ಷಗಳ ಮೇಲೆ ಅವರ ಕಾರಿನ ಸ್ಟೀರಿಯೋ ಅದರ ಟೇಪನ್ನು ನುಂಗಿ ನೂಡಲ್ಸ್ ಮಾಡಿತು. ಲೋಕದಲ್ಲಿ ಉಳಿದದ್ದು ನನ್ನದೊಂದೇ. ಅದರಿಂದ ಕಾಪಿ, ಆ ಕಾಪಿಯಿಂದ ಇನ್ನೊಂದು ಕಾಪಿ, ಸೀಡಿ ಬಂತು, ಆಮೇಲೆ ಹೆಸರು ಹೇಳಿಕೊಳ್ಳದ ಯಾರೋ ವಿದೇಶದಲ್ಲಿ, ಯಾರ ಅನುಮತಿಯನ್ನೂ ಕೇಳದೆ, ಎಲ್‌ಪಿ ಕೂಡ ಒತ್ತಿಸಿದರು. ಸಂಗ್ರಾಹಕರು ಅದನ್ನು 'ಯಲಹಂಕ ಕಾಪಿ' ಎಂದೇ ಕರೆಯುತ್ತಾರೆ. ಇದನ್ನು ಓದುತ್ತಿರುವ, ನೀವೂ ಸಂಗ್ರಾಹಕರೇ, ನಿಮ್ಮಲ್ಲಿ ಕೆಲವರ ಕಪಾಟಿನಲ್ಲಿ ಅದು ಇದ್ದೀತು. ಅದರ ಹಿಂಬದಿಯ ಟಿಪ್ಪಣಿ ಬರೆದವನೂ ನಾನೇ. 'ಮನುಷ್ಯನ ಬೆರಳಿಗೆ ಇಷ್ಟು ವೇಗ ಹೇಗೆ ಸಾಧ್ಯ?' ಎಂಬ ಸಾಲು ಅದರಲ್ಲಿದೆ.

ನಿಮ್ಮ ಕೂಟಗಳಿಗೆ ನನ್ನನ್ನು ಕರೆದಿರಿ. ಮೂಲವನ್ನು ಕಿವಿಯಾರೆ ಕೇಳಿದವನು ಎಂದು ಮುಂದಿನ ಸಾಲಿನಲ್ಲಿ ಕೂರಿಸಿದಿರಿ. ನಾನು ಕೂತೆ.

ಕಳೆದ ವರ್ಷ ಇಲಿಯಾಸ್ ಭಾಯ್ ಅವರ ಹಳೆಯ ಶಿಷ್ಯೆ ನಂದಿತಾ, ಜಕ್ಕೂರಿನ ಒಂದು ಸಣ್ಣ ಸಭಾಂಗಣದಲ್ಲಿ ಆ ಪೂರ್ತಿ ಸಂಗೀತವನ್ನು ಅವರಿಂದಲೇ ಬಾರಿಸಬೇಕೆಂದು ಹಟ ಹಿಡಿದಳು. ಅವರು ವೇದಿಕೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಮನೆಯಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತಿದ್ದರು, ಅಷ್ಟೇ. ಅವರು ಒಪ್ಪಿದ್ದೇ ಆಶ್ಚರ್ಯ. ಬರೆದಿಟ್ಟ ಸ್ವರ ಇಲ್ಲ, ಕ್ಯಾಸೆಟ್ ಇಲ್ಲ. ಹಾಗಾಗಿ ಅಭ್ಯಾಸಕ್ಕೆ ನಂದಿತಾ ಆ ಎಲ್‌ಪಿಯನ್ನೇ ತಂದುಕೊಟ್ಟಳು.

ನಾನು ಹೋದ ದಿನ ಅವರು ದಿವಾನದ ಮೇಲೆ ಕೂತಿದ್ದರು. ಮಗ್ಗುಲಲ್ಲಿ ಬಿಸಿನೀರಿನ ಬಟ್ಟಲು. ಎದುರಿಗೆ ನಂದಿತಾ, ಕೈಯಲ್ಲಿ ಫೋನು.

"ಬನ್ನಿ ಪ್ರೊಫೆಸರ್ ಸಾಹೇಬ್ರೇ," ಅಂದರು. ನಾನು ಪ್ರೊಫೆಸರ್ ಆಗಲೇ ಇಲ್ಲ. ಅದು ಅವರ ಹಳೆಯ ಕೀಟಲೆ. "ನಿಮ್ ಎಲ್‌ಪಿ ನನ್ನ ಕೊಲ್ತಾ ಇದೆ."

"ದಿನಾ ಬೆರಳು ಬೇಯಿಸ್ಕೋತಾರೆ ಇವ್ರು," ಅಂದರು ಅವರ ಹೆಂಡತಿ ಫರೀದಾ ಭಾಭಿ, ಚಹಾ ಇಡುತ್ತಾ. "ಅರೇ, ಇನ್ನೊಂದ್ ಸ್ವಲ್ಪ ಬೆಂದ್ರೆ ಪಾಯಾ ಸೂಪೇ ಮಾಡ್ಬಹುದು."

ಎಲ್‌ಪಿ ಹಾಕಿದರು. ಜೊತೆಗೆ ಬಾರಿಸತೊಡಗಿದರು. ಮೂರನೆಯ ತುಣುಕು — ನಿಮಗೆಲ್ಲ ಬಾಯಿಪಾಠವಾಗಿರುವ ಆ ಓಟ — ಬಂದಾಗ ಅವರು ಹಿಂದೆ ಬಿದ್ದರು. ಹೊರಟ ಬಸ್ಸಿನ ಹಿಂದೆ ಓಡುವವರ ಹಾಗೆ. ಮತ್ತೆ ಮುಳ್ಳು ಇಟ್ಟರು, ಮತ್ತೆ ಬಿದ್ದರು. ಹಣೆಯಲ್ಲಿ ಬೆವರು.

"ಆಗ ಗಿಟಾರನ್ನೂ ಅರ್ಧ ಸ್ವರ ಮೇಲಕ್ಕೆ ಕಟ್ಟಿರ್ತಿದ್ವಿ ಅನ್ಸತ್ತೆ," ಅಂದರು. "ನಂಗೆ ನೆನಪೇ ಇಲ್ಲ ನೋಡು. ರೆಕಾರ್ಡ್ ಹೇಳ್ತಾ ಇದೆ, ಹಾಗೇ ಇರ್ಬೇಕು."

ನಾನು ಚಹಾದ ಲೋಟ ಕೆಳಗಿಟ್ಟೆ.

ಸ್ವರವೂ ಮೇಲೆ. ವೇಗವೂ ಮೇಲೆ. ಎರಡೂ ಜೊತೆಯಾಗಿ ಏರಬೇಕಾದರೆ ಕಾಪಿ ಮಾಡುವಾಗ ಟೇಪಿನ ವೇಗವೇ ತಪ್ಪಿರಬೇಕು. ಯಂತ್ರದ ತಪ್ಪನ್ನು ನಂಬಿ ಆ ಮನುಷ್ಯ ತನ್ನ ನೆನಪನ್ನೇ ತಿದ್ದಿಕೊಳ್ಳುತ್ತಿದ್ದ — ನನ್ನ ಕಣ್ಣೆದುರಿಗೆ.

ಆಮೇಲೆ ಅವರು ಮುಳ್ಳು ಎತ್ತಿಟ್ಟು, ತಂತಿಗಳನ್ನು ಮಾಮೂಲಿ ಸ್ವರಕ್ಕೆ ಇಳಿಸಿ, ಕಣ್ಣು ಮುಚ್ಚಿ, ಅದೇ ತುಣುಕನ್ನು ಒಬ್ಬರೇ ಬಾರಿಸಿದರು. ಎಲ್ಲೂ ಎಡವಲಿಲ್ಲ. ಸಾವಧಾನವಾಗಿ, ಒಂದು ಬಗೆಯ ಠೀವಿಯಿಂದ. ಎಷ್ಟೋ ವರ್ಷಗಳ ಹಿಂದೆ ನನ್ನ ರೂಮಿನಲ್ಲಿ ಮೂಲ ಕ್ಯಾಸೆಟ್ ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿದ್ದು ಇದಕ್ಕೇ ಅಲ್ಲವೇ? ನಾನು ಪ್ರೀತಿಸಿದ್ದು ಇದನ್ನು. ಆಮೇಲೆ ಜನ ಹೊಗಳಿದ್ದನ್ನು ಪ್ರೀತಿಸಿದೆ.

"ನೋಡ್ದಾ?" ಅಂದರು. "ಎಷ್ಟ್ ನಿಧಾನ! ರೆಕಾರ್ಡ್‌ನಲ್ಲಿರೋ ಹುಡುಗ ನಂಗಿಂತ ದೊಡ್ಡ ಕಲಾವಿದ ಕಣೋ. ನಿಜ ಹೇಳು. ನೀನು ಆಗಿಂದ ಕೇಳ್ದವ್ನು. ನನ್ ಕೈ ಹೋಯ್ತಾ?"

ಮೂವರೂ ನನ್ನನ್ನೇ ನೋಡುತ್ತಿದ್ದರು. ನಂದಿತಾ, ಭಾಭಿ, ಅವರು. ನಿಮ್ಮ ಕೂಟದ ಮುಂದಿನ ಸಾಲು ನನ್ನ ಕಣ್ಣ ಮುಂದೆ ಬಂತು. ಆ ಟಿಪ್ಪಣಿಯ ಸಾಲು ಬಂತು. ಒಂದೇ ಒಂದು ವಾಕ್ಯ ಸಾಕಿತ್ತು — ಭಾಯ್, ತಪ್ಪು ನಿಮ್ಮದಲ್ಲ, ಕಾಪಿಯದು. ಅದು ಬಾಯಿಯವರೆಗೂ ಬಂದಿತ್ತು.

"ವಯಸ್ಸಾಯ್ತಲ್ವಾ ಭಾಯ್," ಅಂದೆ.

ಅವರು ತಲೆಯಾಡಿಸಿದರು. ಬೇಸರವನ್ನೂ ತೋರಿಸಲಿಲ್ಲ. ಭಾಭಿ ಬಿಸಿನೀರಿನ ಬಟ್ಟಲನ್ನು ಒಳಗೆ ತೆಗೆದುಕೊಂಡು ಹೋದರು.

ಆ ವಾರವೇ ಕಾರ್ಯಕ್ರಮ ರದ್ದಾಯಿತು. ಗಿಟಾರನ್ನು ನಂದಿತಾಳಿಗೆ ಕೊಟ್ಟರು. ಮಕ್ಕಳ ಪಾಠವನ್ನೂ ನಿಲ್ಲಿಸಿದರೆಂದು ಕೇಳಿದೆ. "ವಯಸ್ಸಾಯ್ತಮ್ಮಾ, ಅವನೇ ಹೇಳ್ದ" ಎಂದರಂತೆ ಅವಳಿಗೆ.

ನಾನು ಸುಮ್ಮನಿರಲಾರದೆ ಹುಡುಕಿದೆ. ತುಣುಕುಗಳ ನಡುವಿನ ಮೌನದಲ್ಲಿ ಅವರ ಗಿಟಾರಿನ ಆಂಪ್ಲಿಫೈಯರಿನ ಗುಂಯ್ ಎಂಬ ಸದ್ದಿದೆ. ಅದು ಮನೆಮನೆಗೆ ಬರುವ ಕರೆಂಟಿನ ಸದ್ದು, ಅದರ ಸ್ವರ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಯಲಹಂಕ ಕಾಪಿಯಲ್ಲಿ ಆ ಗುಂಯ್ ಅರ್ಧ ಸ್ವರ ಮೇಲಿದೆ. ಕಂಪ್ಯೂಟರಿನಲ್ಲಿ ಅದನ್ನು ಅದರ ಜಾಗಕ್ಕೆ ಇಳಿಸಿದೆ. ಸಂಗೀತವೂ ಜೊತೆಗೇ ಇಳಿಯಿತು.

ಅದನ್ನು ತೆಗೆದುಕೊಂಡು ಆರ್.ಟಿ. ನಗರಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಸ್ಕ್ರೂ, ಬೆಲ್ಟ್, ಟಿಪ್ಪಣಿ, ಆ ಮಧ್ಯಾಹ್ನ. ಬಯ್ಯಲಿ, ಹೊರಗೆ ಹಾಕಲಿ ಎಂದು ಸಿದ್ಧನಾಗಿ ಹೋಗಿದ್ದೆ. ಅವರು ಪೂರ್ತಿ ಕೇಳಿಸಿಕೊಂಡರು. ನಾನು ನಿಧಾನಗೊಳಿಸಿ ತಂದಿದ್ದನ್ನು ಒಂದು ನಿಮಿಷ ಕೇಳಿ, ಹೆಡ್‌ಫೋನ್ ತೆಗೆದರು.

"ಕಂಪ್ಯೂಟರ್‌ನಲ್ಲಿ ಯಾರನ್ ಬೇಕಾದ್ರೂ ನಿಧಾನ ಮಾಡ್ಬಹುದು ಮಗಾ," ಅಂದರು. "ನಂಗೋಸ್ಕರ ಇಷ್ಟೆಲ್ಲ ಸುಳ್ಳು ಕಟ್ಟಿದ್ದೀಯ. ಒಳ್ಳೇವ್ನು ನೀನು." ನನ್ನ ಭುಜ ತಟ್ಟಿದರು. ಆ ಕೈ ನನ್ನ ಮೇಲಿದ್ದಷ್ಟು ಹೊತ್ತು ನಾನು ತಲೆ ಎತ್ತಲಿಲ್ಲ.

ನಾನು ನಿಜ ಹೇಳುವಷ್ಟರಲ್ಲಿ ಅದು ಕರುಣೆಯಂತೆ ಕೇಳಿಸತೊಡಗಿತ್ತು. ಹಾಗಾಗಿ ಇದನ್ನು ನಿಮಗೆ ಬರೆಯುತ್ತಿದ್ದೇನೆ — ಆ ವೇಗವನ್ನು ಹೊಗಳಿದ ನಿಮಗೆ. ನನ್ನ ಮಾತನ್ನು ಅವರು ನಂಬುವುದಿಲ್ಲ. ನಿಮ್ಮ ಮಾತನ್ನು ನಂಬಿಯಾರು. ನನ್ನನ್ನು ಕ್ಷಮಿಸಿ ಎನ್ನುತ್ತಿಲ್ಲ. ಎಲ್‌ಪಿಯನ್ನು ನೀವೇ ಪರೀಕ್ಷಿಸಿ, ಅವರ ಮನೆಗೆ ಹೋಗಿ ಹೇಳಿ.

ಹೋಗುವ ಮುನ್ನ ಇದೂ ತಿಳಿದಿರಲಿ. ಆ ಮಧ್ಯಾಹ್ನ ಅವರು ಒಬ್ಬರೇ ಬಾರಿಸಿದ್ದನ್ನು ನಂದಿತಾ ತನ್ನ ಫೋನಿನಲ್ಲಿ ಚಿತ್ರೀಕರಿಸಿಕೊಂಡಿದ್ದಳು. ಮೊನ್ನೆ ಅದನ್ನು ಕೇಳಿ ತರಿಸಿಕೊಂಡು, ಸರಿಪಡಿಸಿದ ಸಂಗೀತದ ಪಕ್ಕದಲ್ಲಿಟ್ಟು, ಎರಡನ್ನೂ ಒಟ್ಟಿಗೆ ಹಾಕಿದೆ. ಮೂರನೆಯ ತುಣುಕಿನ ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ಇಬ್ಬರು ಬಾರಿಸುತ್ತಿದ್ದಾರೆಂದು ಗೊತ್ತೇ ಆಗುವುದಿಲ್ಲ.